ತಂಗಿಯ ಮೇಲೆ ಗಾಂಜಾ ಕೇಸ್ ಇದೆ, ಗುಳಿಗೆ ಚಟವೂ ಇದೆ: ಕೂಡಿಹಾಕಿ ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಹಳೇ ಹುಬ್ಬಳ್ಳಿ. ನನ್ನ ತಂಗಿಗೆ 26 ವರ್ಷ. ಒಂದೂವರೆ ವರ್ಷದ ಮಗು ಇದೆ, ಇನ್ನೂ ಎದೆಹಾಲು ಬಿಟ್ಟಿಲ್ಲ. ಅವಳ ಗಂಡ ಗಾಂಜಾ ಸೇದುತ್ತಿದ್ದ. ಪೊಲೀಸರು ಮನೆಗೆ ಬಂದಾಗ 400 ಗ್ರಾಂ ಗಾಂಜಾ ಸಿಕ್ಕಿತು. ಇಬ್ಬರ ಮೇಲೂ ಕೇಸ್ ಆಯಿತು. ಅವನ ಮೇಲೆ ಬೇರೆ ಕೇಸೂ ಇರುವುದರಿಂದ ಒಳಗಿದ್ದಾನೆ. ತಂಗಿಗೆ ಜಾಮೀನು ಸಿಕ್ಕು ನಮ್ಮ ಮನೆಯಲ್ಲಿದ್ದಾಳೆ. ಇಲ್ಲಿ ಬಂದ ಮೇಲೆ ಗೊತ್ತಾಯಿತು, ಅವಳು ದಿನಕ್ಕೆ ಹತ್ತು ಹನ್ನೆರಡು ಟ್ರಮಡಾಲ್ ಗುಳಿಗೆ ನುಂಗುತ್ತಾಳೆ. ಹೆರಿಗೆ ಆದ ಮೇಲೆ ಬೆನ್ನುನೋವಿಗೆ ಗಂಡನೇ ತಂದುಕೊಟ್ಟಿದ್ದನಂತೆ. ಆಗೊಮ್ಮೆ ಈಗೊಮ್ಮೆ ಗಾಂಜಾನೂ ಸೇದಿದ್ದೇನೆ ಅಂತ ಅತ್ತುಕೊಂಡು ಹೇಳಿದಳು. ಹೋದ ತಿಂಗಳು ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದಳು, ತಾಯತ ಕಟ್ಟಿಸಿದೆವು. ವಕೀಲರು ‘ಟ್ರೀಟ್‌ಮೆಂಟ್ ತಗೊಂಡರೆ ಕೇಸೇ ಹೋಗುತ್ತದೆ’ ಅನ್ನುತ್ತಾರೆ. ಓಣಿಯವರು ‘ಸರ್ಕಾರಿ ದವಾಖಾನಿಗೆ ಹೋದ್ರ ಕೇಸ್ ಗಟ್ಟಿ ಆಕ್ಕೈತಿ, ಕೂಸಿನ್ನೂ ಕಸಗೊಂಡು ಹೋಗ್ತಾರ’ ಅನ್ನುತ್ತಾರೆ. ನಮ್ಮ ಅಣ್ಣ ಬೇರೆ ಜಿಲ್ಲೆಯ ಒಂದು ಖಾಸಗಿ ಕೇಂದ್ರದಲ್ಲಿ ಆರು ತಿಂಗಳು ಇಡೋಣ ಎಂದು ಮಾತಾಡಿಕೊಂಡು ಬಂದಿದ್ದಾನೆ. ಮಗುವನ್ನು ಒಳಗೆ ಬಿಡುವುದಿಲ್ಲವಂತೆ, ಫೋನೂ ಇಲ್ಲವಂತೆ. ನಾನು ಏನು ಮಾಡಲಿ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರದಲ್ಲಿ ಕೇಸು, ಓಣಿ, ವಕೀಲರು, ಅಣ್ಣ ಎಲ್ಲರೂ ಇದ್ದಾರೆ. ಮನೋವೈದ್ಯೆಯಾದ ನನ್ನ ಕಣ್ಣು ನಿಂತದ್ದು ಮಾತ್ರ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಫಿಟ್ಸ್ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಕೇಸಿಗೆ ತಾರೀಖು ಇರುತ್ತದೆ, ಫಿಟ್ಸಿಗೆ ಇರುವುದಿಲ್ಲ.

ಟ್ರಮಡಾಲ್ ನೋವಿನ ಗುಳಿಗೆ ನಿಜ, ಆದರೆ ಅದು ಅಫೀಮಿನ ರೀತಿಯಲ್ಲೇ ಕೆಲಸ ಮಾಡುವ ಗುಳಿಗೆ. 50 ಮಿಲಿಗ್ರಾಂನದು ಎಂದು ಹಿಡಿದರೂ ಹನ್ನೆರಡು ಗುಳಿಗೆಗೆ 600 ಮಿಲಿಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ದಾಟಬಾರದು. ದಾಟಿದರೆ ಫಿಟ್ಸ್ ಬರುವ ಅಪಾಯ ಈ ಗುಳಿಗೆಯಲ್ಲಿ ಜಾಸ್ತಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆ ಜೊತೆಗೆ ಸೇರಿದರೆ ಇನ್ನೂ ಜಾಸ್ತಿ. ನಿಮ್ಮ ತಂಗಿಗೆ ಫಿಟ್ಸ್ ಬಂದದ್ದಕ್ಕೆ ಇದೇ ಕಾರಣ ಇರಬಹುದು ಎಂದು ನನ್ನ ಅನುಮಾನ. ಬೇರೆ ಕಾರಣ ಇದೆಯೋ ಇಲ್ಲವೋ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ತಾಯತ ಇರಲಿ, ನಾನು ಬಿಚ್ಚಿ ಅನ್ನುವುದಿಲ್ಲ. ಈ ವಾರದಲ್ಲೇ ಆಸ್ಪತ್ರೆಗೆ ಹೋಗಿ. ಅಷ್ಟರೊಳಗೆ ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷದಲ್ಲಿ ನಿಲ್ಲದಿದ್ದರೆ, ಅಥವಾ ಒಂದರ ಹಿಂದೆ ಇನ್ನೊಂದು ಬಂದರೆ, 108ಕ್ಕೆ ಫೋನ್ ಮಾಡಿ.

ಹಾಗಂತ ಇವತ್ತೇ ಗುಳಿಗೆ ಕಸಿದುಕೊಂಡು ಕೋಣೆಯಲ್ಲಿ ಕೂಡಿಹಾಕಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮೈಕೈ ನೋವು, ಭೇದಿ, ಬೆವರು, ನಿದ್ದೆಯಿಲ್ಲದ ರಾತ್ರಿಗಳು ಬರುತ್ತವೆ. ಟ್ರಮಡಾಲ್ ನಿಲ್ಲಿಸಿದಾಗ ಕೆಲವರಿಗೆ ವಿಪರೀತ ಗಾಬರಿ, ತಲೆ ಗೊಂದಲವೂ ಆಗುತ್ತದೆ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಅಪಾಯ ಇರುತ್ತದೆ.

ಇನ್ನು ಮಗು. ಟ್ರಮಡಾಲ್ ಎದೆಹಾಲಿಗೆ ಇಳಿಯುತ್ತದೆ. ಮಗು ಅತಿಯಾಗಿ ನಿದ್ದೆ ಮಾಡುತ್ತಿದ್ದರೆ, ಹಾಲು ಕುಡಿಯಲು ಏಳದಿದ್ದರೆ, ಉಸಿರು ನಿಧಾನವಾಗಿದೆ ಅನ್ನಿಸಿದರೆ ಕಾಯಬೇಡಿ, ತಕ್ಷಣ ಮಕ್ಕಳ ವೈದ್ಯರ ಹತ್ತಿರ ಹೋಗಿ. ಒಂದೂವರೆ ವರ್ಷದ ಕೂಸು ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಅಲ್ವಾ? ಮನೆಯಲ್ಲಿರುವ ಗುಳಿಗೆಗಳು ಟ್ರಂಕಿನಲ್ಲಿರಲಿ, ಕೀಲಿ ನಿಮ್ಮ ಹತ್ತಿರ ಇರಲಿ. ತಂಗಿಗೆ ಒಮ್ಮೆ ಗರ್ಭದ ಪರೀಕ್ಷೆಯನ್ನೂ ಮಾಡಿಸಿ. ಈ ಗುಳಿಗೆಗಳಿಂದ ಮುಟ್ಟು ಏರುಪೇರಾಗುತ್ತದೆ. ಮುಟ್ಟು ತಪ್ಪಿದರೂ ಗುಳಿಗೆಯಿಂದಲೇ ಇರಬೇಕು ಎಂದು ಹೆಂಗಸರು ಸುಮ್ಮನಿದ್ದುಬಿಡುತ್ತಾರೆ. ಗರ್ಭ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಆಗ ಥಟ್ಟನೆ ನಿಲ್ಲಿಸುವುದಂತೂ ಬೇಡವೇ ಬೇಡ.

ಈಗ ನಿಮ್ಮ ಓಣಿಯ ಮಾತಿಗೆ ಬರೋಣ.

ಚಟಕ್ಕೆ ಚಿಕಿತ್ಸೆ ಕೇಳಿಕೊಂಡು ಬಂದವರ ಬಗ್ಗೆ ಪೊಲೀಸರಿಗೆ ವರದಿ ಕೊಡುವ ಕೆಲಸ ವೈದ್ಯರದ್ದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ಒಳಗೇ ಸೇರಿಸಿದೆ. ಅದರ 23ನೇ ಕಲಮಿನ ಪ್ರಕಾರ ರೋಗಿಯ ವಿಷಯ ಗುಟ್ಟಾಗಿ ಇಡಬೇಕು. ಓಣಿಯವರ ಮಾತು ಪೂರ್ತಿ ಸುಳ್ಳು ಎಂದೂ ಹೇಳಲಾರೆ. ಕೋರ್ಟ್ ಆದೇಶ ಮಾಡಿದರೆ ಆಸ್ಪತ್ರೆ ಕಾಗದ ಕೊಡಬೇಕಾಗುತ್ತದೆ. ಅದಕ್ಕೇ ನಾನು ರೋಗಿಗಳಿಗೆ ಹೇಳುವುದು ಇಷ್ಟು: ಏನು ನುಂಗಿದ್ದೀರಿ, ಎಷ್ಟು, ಎಂದಿನಿಂದ ಎಂಬುದನ್ನು ಒಂದೂ ಮುಚ್ಚದೆ ಹೇಳಿ. ಮಾಲು ಯಾರದು, ಎಲ್ಲಿಂದ ಬಂತು ಎಂಬ ಕಥೆ ವಕೀಲರಿಗೆ ಇರಲಿ, ಚಿಕಿತ್ಸೆಗೆ ಅದು ಬೇಕಾಗಿಲ್ಲ. ಮೊದಲನೆಯದನ್ನು ಮುಚ್ಚಿಟ್ಟರೆ ನಿಜವಾಗಿಯೂ ತೊಂದರೆ ಆಗುತ್ತದೆ. ಮೂತ್ರ ಪರೀಕ್ಷೆಯ ಸಾಮಾನ್ಯ ಪಟ್ಟಿಯಲ್ಲಿ ಟ್ರಮಡಾಲ್ ಕಾಣಿಸದೇ ಇರಬಹುದು. ಅವಳು ಬಾಯಿಬಿಟ್ಟು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದೇ ಇಲ್ಲ.

ಮಗುವನ್ನು ಕಸಿದುಕೊಳ್ಳುತ್ತಾರೆ ಎಂಬ ಭಯವೇ ಹೆಣ್ಣುಮಕ್ಕಳನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸುವುದು. ಚಿಕಿತ್ಸೆಗೆ ಬಂದಳು ಎಂಬ ಒಂದೇ ಕಾರಣಕ್ಕೆ ಯಾರೂ ಕೂಸನ್ನು ಒಯ್ಯುವುದಿಲ್ಲ. ಅದೇ ಕಾಯ್ದೆಯ 21ನೇ ಕಲಮು, ಆಸ್ಪತ್ರೆಯಲ್ಲಿ ಸೇರಿಸಿಕೊಂಡ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎನ್ನುತ್ತದೆ. ಮಗುವಿಗೆ ಅಪಾಯ ಇದೆ ಎಂದು ಮನೋವೈದ್ಯರು ಕಂಡರೆ ಮಾತ್ರ ಸ್ವಲ್ಪ ದಿನ ಬೇರೆ ಇಡಬಹುದು. ಹಾಗೆ ನೋಡಿದರೆ ಈಗ ತಾಯಿಯಿಂದ ಮಗುವನ್ನು ಅಗಲಿಸಲು ಹೊರಟಿರುವುದು ನಿಮ್ಮ ಅಣ್ಣ ಮಾತಾಡಿ ಬಂದ ಕೇಂದ್ರವೇ.

ಆ ಕೇಂದ್ರದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಬೇಡ. ಮೊದಲು ಜಾಮೀನಿನ ಆದೇಶ ತೆಗೆದು ಓದಿ. ಕೋರ್ಟಿನ ಅನುಮತಿ ಇಲ್ಲದೆ ಜಿಲ್ಲೆ ಬಿಟ್ಟು ಹೋಗಬಾರದು, ಇಂಥ ದಿನ ಠಾಣೆಗೆ ಬಂದು ಸಹಿ ಮಾಡಬೇಕು ಎಂಬ ಷರತ್ತು ಅದರಲ್ಲಿ ಇರುವುದು ಸಾಮಾನ್ಯ. ಬೇರೆ ಜಿಲ್ಲೆಯಲ್ಲಿ ಫೋನೂ ಇಲ್ಲದೆ ಆರು ತಿಂಗಳು ಇಟ್ಟರೆ ಚಟ ಬಿಡುವುದಕ್ಕೂ ಮುಂಚೆ ಜಾಮೀನೇ ರದ್ದಾದೀತು. ಎರಡನೆಯದಾಗಿ, ಕೇಂದ್ರ ನೋಂದಣಿ ಆಗಿದೆಯಾ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ಹೆಣ್ಣು ಸಿಬ್ಬಂದಿ ಇರುತ್ತಾರಾ ಎಂದು ಅಣ್ಣನಿಗೆ ಕೇಳಲು ಹೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಮುಗಿಯಿತು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು, ಒತ್ತಾಯದಿಂದ ತಲೆ ಬೋಳಿಸುವುದು ಎರಡನ್ನೂ ಕಾನೂನು ನಿಷೇಧಿಸಿದೆ. ಆದರೂ ಅಂಥ ಜಾಗಗಳಿಂದ ತಪ್ಪಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಎಲ್ಲ ಖಾಸಗಿ ಕೇಂದ್ರಗಳೂ ಹೀಗೇ ಅಂತ ಅಲ್ಲ, ಒಳ್ಳೆಯವೂ ಇವೆ. ಒಳ್ಳೆಯವು ಫೋನ್ ಕಸಿದುಕೊಂಡು ಮುಂಗಡ ಕೇಳುವುದಿಲ್ಲ, ಅಷ್ಟೇ. ಗೊತ್ತಾಗದ ಹಾಗೆ ಚಹಾದಲ್ಲಿ ಹಾಕಿ ಕೊಡುವ ಪುಡಿಯನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ತಂಟೆಗೇ ಹೋಗಬೇಡಿ.

ಮೂರನೆಯ ಅಪಾಯ ಇನ್ನೂ ದೊಡ್ಡದು, ಅದು ಯಾರಿಗೂ ಹೊಳೆಯುವುದಿಲ್ಲ. ಕೆಲವು ವಾರ ಗುಳಿಗೆ ಇಲ್ಲದೆ ಇದ್ದರೆ ಮೈ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಹೊರಗೆ ಬಂದ ದಿನ ಹಳೆಯ ಲೆಕ್ಕದಲ್ಲಿ ಹತ್ತು ಗುಳಿಗೆ ನುಂಗಿದರೆ ಉಸಿರು ನಿಲ್ಲಬಹುದು. ಜೈಲಿನಿಂದ ಬಿಡುಗಡೆ ಆದವರಲ್ಲೂ ಮೊದಲ ಎರಡು ವಾರ ಅತಿ ಅಪಾಯದ್ದು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಕೂಡಿಹಾಕಿ ಬಿಡಿಸಿ, ಆಮೇಲೆ ಯಾವ ಆಸರೆಯೂ ಇಲ್ಲದೆ ಹೊರಗೆ ಬಿಟ್ಟರೆ ಆಗುವುದು ಇದೇ.

ಈಗ ವಕೀಲರ ಮಾತು. ನಾನು ಮನೋವೈದ್ಯೆ, ಕಾನೂನು ಓದಿದವಳಲ್ಲ. ಆದರೂ ಈ ಕಲಮಿನ ಹೆಸರು ಹಿಡಿದು ನನ್ನ ಹತ್ತಿರ ಬರುವವರು ಬಹಳ. ಮಾದಕ ವಸ್ತುಗಳ ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಆರೋಪ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ, ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಆ ಆರೋಪದ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಗಾಂಜಾದಲ್ಲಿ 1 ಕಿಲೋವರೆಗೆ ಸಣ್ಣ ಪ್ರಮಾಣ. 400 ಗ್ರಾಂ ಅದರೊಳಗೇ ಬರುತ್ತದೆ. ಟ್ರಮಡಾಲ್ ಕೂಡ 2018ರಿಂದ ಇದೇ ಕಾಯ್ದೆಯ ಪಟ್ಟಿಯಲ್ಲಿದೆ. ಆದ್ದರಿಂದ ಅದರ ಚಟ ಇರುವವರೂ ಕಾಯ್ದೆಯ ಕಣ್ಣಲ್ಲಿ ವ್ಯಸನಿಗಳೇ.

ಹಾಗಾದರೆ ವಕೀಲರ ಮಾತು ಸರಿ ಅಲ್ವಾ? ಅರ್ಧ ಸರಿ. ಆಸ್ಪತ್ರೆಯ ಚೀಟಿ ತಂದುಕೊಟ್ಟ ಕೂಡಲೇ ಕೇಸ್ ಹೋಗುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಬೇಕು, ಚಟ ಇರುವುದು ನಿಜ ಎಂದು ತೋರಿಸಬೇಕು, ಚಿಕಿತ್ಸೆ ಪೂರ್ತಿ ಮಾಡಬೇಕು. ನಡುವೆ ಬಿಟ್ಟರೆ ಆ ರಕ್ಷಣೆಯನ್ನು ವಾಪಸು ತೆಗೆದುಕೊಳ್ಳಬಹುದು. ಮಾರಾಟದ ಆರೋಪ ಹೊರಿಸಿದ್ದರೆ ಕೋರ್ಟ್ ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಮಾನ್ಯತೆ ಇಲ್ಲದ ಕೇಂದ್ರದಲ್ಲಿ ಆರು ತಿಂಗಳು ಕೂತು ಬಂದರೂ ಈ ಕಲಮಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಣ್ಣನಿಗೆ ಇದನ್ನೂ ಹೇಳಿ.

ಇನ್ನೊಂದು ಸೂಕ್ಷ್ಮ ಇದೆ. ‘ಆ ಗಾಂಜಾ ನನ್ನದಲ್ಲ, ಗಂಡ ಇಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ’ ಎಂಬುದು ನಿಮ್ಮ ತಂಗಿಯ ವಾದವಾದರೆ, ‘ನಾನು ವ್ಯಸನಿ, ನನಗೆ 64ಎ ರಕ್ಷಣೆ ಕೊಡಿ’ ಎಂಬ ಅರ್ಜಿ ಅದಕ್ಕೆ ಅಡ್ಡ ಬರಬಹುದು. ಕೇಸ್ ನೋಡಿದರೆ ಮೊದಲನೆಯ ವಾದವೇ ಗಟ್ಟಿ ಇರಲೂಬಹುದು. ಇದನ್ನು ನಿರ್ಧರಿಸುವುದು ಗಂಡನ ವಕೀಲರಲ್ಲ, ಅವಳಿಗಾಗಿಯೇ ಇರುವ ವಕೀಲರು. ಇಬ್ಬರಿಗೂ ಒಬ್ಬರೇ ವಕೀಲರಿದ್ದರೆ ಬೇರೆಯವರನ್ನು ನೋಡಿ. ಹಣ ಇಲ್ಲ ಅನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂದಿದೆ. ಹುಬ್ಬಳ್ಳಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿ ಎಂದು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಶಿಕ್ಷೆಯೇ ಆದರೂ ಅಲ್ಲಿಗೆ ಮುಗಿಯಿತು ಅಂತಲ್ಲ. ಇದೇ ಕಾಯ್ದೆಯ 39ನೇ ಕಲಮಿನಲ್ಲಿ, ಸೇವನೆ ಅಥವಾ ಸಣ್ಣ ಪ್ರಮಾಣದ ಅಪರಾಧ ರುಜುವಾದ ವ್ಯಸನಿಯನ್ನು ಅವಳ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ಈ ಕಲಮನ್ನು ಕೇಳುವವರೇ ಕಡಿಮೆ.

ಇಂಗ್ಲೆಂಡಿನಲ್ಲಿ ಹೀಗೆ ಶಿಕ್ಷೆಯ ಭಾಗವಾಗಿಯೇ ಚಿಕಿತ್ಸೆಯ ಆದೇಶ ಕೊಡುವುದು ರೂಢಿಯಲ್ಲಿದೆ. ಹೆಣ್ಣುಮಕ್ಕಳನ್ನು ದೂರದ ಜೈಲಿಗೆ ಕಳಿಸುವ ಬದಲು ಊರೊಳಗೇ ಅವರಿಗಾಗಿ ಕೇಂದ್ರಗಳು ಬೇಕು ಎಂದು ಅಲ್ಲಿ 2007ರಲ್ಲೇ ಕಾರ್ಸ್ಟನ್ ವರದಿ ಹೇಳಿತು. ನಮ್ಮಲ್ಲಿ ಕೋರ್ಟ್ ಒಂದು ಕಡೆ, ಆಸ್ಪತ್ರೆ ಒಂದು ಕಡೆ. ನಡುವೆ ಕಾಗದ ಹಿಡಿದು ಓಡಾಡುವವರು ನಿಮ್ಮಂಥ ಅಕ್ಕಂದಿರು.

ಅವಳು ಇದಕ್ಕೆ ಹೇಗೆ ಬಿದ್ದಳು ಎಂದು ಮನೆಯವರಿಗೆ ಸಿಟ್ಟು ಇರುತ್ತದೆ. ಗಂಡಸು ಕುಡಿದರೆ ನಮ್ಮ ಜನ ಚಟ ಅನ್ನುತ್ತಾರೆ, ಹೆಂಗಸು ಗುಳಿಗೆ ನುಂಗಿದರೆ ನಡತೆಗೆ ಬರುತ್ತಾರೆ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಮೋಜಿಗೆ ಶುರು ಮಾಡಿದವರು ಕಡಿಮೆ. ಹೆರಿಗೆಯ ನಂತರದ ಬೆನ್ನುನೋವು, ನಿದ್ದೆ ಬಾರದ ರಾತ್ರಿ, ಹೊಡೆತ ತಿಂದ ಮೈ, ಹೀಗೆ ಶುರುವಾಗಿರುತ್ತದೆ. ಕೈಗೆ ಗುಳಿಗೆ ಕೊಟ್ಟವನು ಬಹಳ ಸಲ ಗಂಡನೇ. ಮೊದಲ ಗುಳಿಗೆಯಿಂದ ಪೂರ್ತಿ ಚಟದವರೆಗೆ ಹೆಂಗಸರು ಗಂಡಸರಿಗಿಂತ ಬೇಗ ಹೋಗುವುದುಂಟು. ಚಿಕಿತ್ಸೆಗೆ ಬರುವುದು ಮಾತ್ರ ತಡ. ವಿಶ್ವಸಂಸ್ಥೆಯ 2024ರ ಮಾದಕ ವಸ್ತುಗಳ ವರದಿಯ ಪ್ರಕಾರ, ಇಂಥ ಕಾಯಿಲೆ ಇರುವ ಗಂಡಸರಲ್ಲಿ ಏಳು ಜನಕ್ಕೆ ಒಬ್ಬರಿಗೆ ಚಿಕಿತ್ಸೆ ಸಿಕ್ಕರೆ ಹೆಂಗಸರಲ್ಲಿ 18 ಜನಕ್ಕೆ ಒಬ್ಬರಿಗೆ ಸಿಗುತ್ತದೆ. ತಂಗಿಯನ್ನು ಒಬ್ಬಳೇ ಇರುವಾಗ ಮೆತ್ತಗೆ ಕೇಳಿ, ಗಂಡ ಹೊಡೆಯುತ್ತಿದ್ದನಾ ಅಂತ. ಹೌದು ಎಂದರೆ ವೈದ್ಯರಿಗೂ ವಕೀಲರಿಗೂ ಅದು ಗೊತ್ತಿರಬೇಕು. ಅವನು ಹೊರಗೆ ಬಂದ ದಿನ ಅವಳು ಎಲ್ಲಿರಬೇಕು ಎಂಬುದನ್ನು ಈಗಲೇ ಯೋಚಿಸಿಡಿ. ಅದೇ ಮನೆಗೆ, ಅದೇ ಗುಳಿಗೆಯ ಡಬ್ಬಿಯ ಪಕ್ಕಕ್ಕೆ ಕಳಿಸಿದರೆ ಯಾವ ಚಿಕಿತ್ಸೆಯೂ ನಿಲ್ಲದು. 181 ಮಹಿಳಾ ಸಹಾಯವಾಣಿಯ ನಂಬರ್ ಅವಳಿಗೂ ಗೊತ್ತಿರಲಿ.

ಹಾಗಾದರೆ ಏನು ಮಾಡುವುದು? ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ, ಇಲ್ಲವೇ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಎರಡೂ ಸರ್ಕಾರದವು, ನಾಳೆ ಕೋರ್ಟಿನಲ್ಲೂ ಅಲ್ಲಿನ ಕಾಗದಕ್ಕೆ ಬೆಲೆ ಇದೆ. ಫಿಟ್ಸ್ ಬಂದಿದೆ, ಪ್ರಮಾಣ ಜಾಸ್ತಿ ಇದೆ, ಮಗು ಹಾಲು ಕುಡಿಯುತ್ತಿದೆ. ಆದ್ದರಿಂದ ಮೊದಲು ಒಂದೆರಡು ವಾರ ದಾಖಲು ಮಾಡಿಕೊಳ್ಳುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಒಂದು ತೊಂದರೆ ಎಂದರೆ, ಹೆಚ್ಚಿನ ಕಡೆ ವ್ಯಸನಮುಕ್ತಿ ವಾರ್ಡ್ ಎಂದರೆ ಗಂಡಸರದ್ದೇ. ಹೆಂಗಸರನ್ನು ಮಾನಸಿಕ ರೋಗಿಗಳ ಮಹಿಳಾ ವಾರ್ಡಿನಲ್ಲಿ ಇಡುತ್ತಾರೆ. ಅದಕ್ಕೆ ಅವಳು ‘ನನಗೇನು ಹುಚ್ಚಾ’ ಎಂದು ಅಳಬಹುದು. ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ, ನೀವೂ ಜೊತೆಗೆ ಉಳಿಯಿರಿ.

ಅಲ್ಲಿಂದ ಮುಂದಿನದು ಮನೆಯಿಂದಲೇ ಆಗಬೇಕಾದ ಚಿಕಿತ್ಸೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೂ ದಾಟುತ್ತದೆ. ಟ್ರಮಡಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು ಒಂದು ದಾರಿ. ನಾಲಗೆಯ ಕೆಳಗೆ ಇಡುವ ಬುಪ್ರೆನಾರ್ಫಿನ್ ಎಂಬ ಗುಳಿಗೆ ಕೊಟ್ಟು ನಿಧಾನಕ್ಕೆ ಬಿಡಿಸುವುದು ಇನ್ನೊಂದು. ಇದನ್ನು ಕೇಳಿದರೆ ಮನೆಯವರು ‘ಒಂದು ಗುಳಿಗೆ ಬಿಡಿಸಿ ಇನ್ನೊಂದು ಹಚ್ಚುತ್ತಾರೆ’ ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ವರ್ಷಗಟ್ಟಲೆ ಗುಳಿಗೆ ಕೊಟ್ಟರೆ ಯಾರೂ ಹಾಗೆ ಅನ್ನುವುದಿಲ್ಲ. ಈ ಔಷಧಿಯಲ್ಲಿ ಏರಿಳಿತ ಕಡಿಮೆ, ಉಸಿರು ನಿಲ್ಲುವ ಅಪಾಯವೂ ಕಡಿಮೆ, ಎದೆಹಾಲು ಕುಡಿಸುತ್ತಲೇ ವೈದ್ಯರ ಕಣ್ಗಾವಲಿನಲ್ಲಿ ಮುಂದುವರಿಸಬಹುದು. ಎಲ್ಲ ಕಡೆ ಸಿಗದು, ದಿನವೂ ಬರಬೇಕಾದೀತು, ನಿದ್ದೆ ಗುಳಿಗೆಯೋ ಸಾರಾಯಿಯೋ ಜೊತೆಗೆ ಸೇರಿದರೆ ಅಪಾಯ. ಇದರ ಕಷ್ಟಗಳು ಇವು. ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ಮೈಯಲ್ಲಿ ಟ್ರಮಡಾಲ್ ಇರುವಾಗ ಅದನ್ನು ಕೊಟ್ಟರೆ ಗುಳಿಗೆ ಬಿಟ್ಟಾಗ ಆಗುವ ಬಾಧೆ ಒಮ್ಮೆಲೇ ಕೆರಳುತ್ತದೆ, ಮೇಲಾಗಿ ಫಿಟ್ಸ್ ಬಂದ ಇತಿಹಾಸ ಬೇರೆ ಇದೆ.

ನಡುವೆ ಒಮ್ಮೆ ಜಾರಿ ಮತ್ತೆ ಗುಳಿಗೆ ನುಂಗಬಹುದು. ಆಗ ಬೈದು ಹೊರಗೆ ಹಾಕಬೇಡಿ, ಮರುದಿನವೇ ಆಸ್ಪತ್ರೆಗೆ ಕರೆತನ್ನಿ. ಜಾರಿದ್ದನ್ನು ಚಿಕಿತ್ಸೆ ಬಿಟ್ಟದ್ದು ಎಂದು ನಾವು ಬರೆಯುವುದಿಲ್ಲ. ಬರುವುದನ್ನೇ ನಿಲ್ಲಿಸಿದರೆ ಬರೆಯಬೇಕಾಗುತ್ತದೆ. ಹೆಣ್ಣುಮಕ್ಕಳು ಬರುವುದನ್ನು ನಿಲ್ಲಿಸುವುದು ಸಣ್ಣ ಸಣ್ಣ ಕಾರಣಕ್ಕೆ: ಮಗುವನ್ನು ನೋಡಿಕೊಳ್ಳುವವರಿಲ್ಲ, ಕೂಲಿ ತಪ್ಪುತ್ತದೆ, ಧಾರವಾಡಕ್ಕೆ ಯಾಕೆ ಹೊರಟೆ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಬಸ್ ಖರ್ಚಿನ ಚಿಂತೆಯಾದರೂ ಬೇಡ. ಹುಬ್ಬಳ್ಳಿ-ಧಾರವಾಡದ ಎಸಿ ಬಸ್ಸು ಚಿಗರಿಯೇ ಆಗಬೇಕೆಂದಿಲ್ಲ, ಸಾದಾ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಪಕ್ಕದ ಮನೆಯವರಿಗೆ ಬೆನ್ನುನೋವಿನ ಚಿಕಿತ್ಸೆ ಎಂದು ಹೇಳಿ, ಸುಳ್ಳೇನೂ ಅಲ್ಲ. ಬೆನ್ನುನೋವಿಗೆ ಬೇರೆ ಔಷಧಿ, ವ್ಯಾಯಾಮ ಕೊಡಿಸದೆ ಟ್ರಮಡಾಲ್ ಬಿಡಿಸಲು ಆಗುವುದೂ ಇಲ್ಲ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಾದಕ ಚಟಕ್ಕೆಂದೇ 14446 ಇದೆ.

ಏನೋ ಕಾರಣಕ್ಕೆ ಜಾಮೀನು ಹೋಗಿ ಅವಳು ಒಳಗೆ ಹೋಗಬೇಕಾಗಿ ಬಂದರೆ, ಮೊದಲ ದಿನವೇ ಜೈಲಿನ ವೈದ್ಯರಿಗೆ ‘ಇಂಥ ಗುಳಿಗೆ, ಇಷ್ಟು ಪ್ರಮಾಣ, ಫಿಟ್ಸ್ ಬಂದಿದೆ’ ಎಂದು ಅವಳೇ ಹೇಳಬೇಕು. ಆಸ್ಪತ್ರೆಯ ಚೀಟಿಯ ಜೆರಾಕ್ಸ್ ವಕೀಲರ ಹತ್ತಿರ ಇರಲಿ. ಮಗು ಆರು ವರ್ಷದವರೆಗೆ ಒಳಗೂ ತಾಯಿಯ ಜೊತೆ ಇರಬಹುದು, ಇದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು.

ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಆಧಾರ್, ಖಾಲಿಯಾದ ಗುಳಿಗೆ ಪಟ್ಟಿ, ಹೆರಿಗೆಯ ಕಾಗದ, ಮಗುವಿನ ತಾಯಿ ಕಾರ್ಡ್ ಒಯ್ಯಿರಿ. ಜಾಮೀನಿನ ಆದೇಶದ ಪ್ರತಿಯೂ ಚೀಲದಲ್ಲಿರಲಿ, ಕೇಳದೆ ತೋರಿಸಬೇಕಾಗಿಲ್ಲ. ಆಸ್ಪತ್ರೆಯಿಂದ ಹೊರಡುವ ಮುಂಚೆ ಮುಂದೆ ಬರಬೇಕಾದ ದಿನ ಯಾವುದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಕೋರ್ಟಿನ ತಾರೀಖು ಅಥವಾ ಠಾಣೆಯ ಸಹಿಯ ದಿನವೇ ಬಿದ್ದರೆ ಅಲ್ಲೇ ಹೇಳಿ, ಬೇರೆ ದಿನ ಕೊಡುತ್ತಾರೆ. ಆಮೇಲೆ ಗೊತ್ತಾದರೆ ಕೋರ್ಟಿಗೇ ಹೋಗಿ, ಆಸ್ಪತ್ರೆಗೆ ಫೋನ್ ಮಾಡಿ. ನಾವು ಒಂದು ದಿನ ಕಾಯುತ್ತೇವೆ, ವಾರಂಟ್ ಕಾಯುವುದಿಲ್ಲ.